ಎಲ್ಲರಿಗೂ ಹನ್ನೆರಡು ಹನಿ

ಆ ಕೆಲಸವನ್ನು ನನ್ನ ಬಾಯೇ ನನ್ನ ತಲೆಗೆ ಕಟ್ಟಿತು. ದೆಹಲಿಯಲ್ಲಿ ಶಾಲಾ ವಿಜ್ಞಾನದ ಪಠ್ಯಕ್ರಮ ತಿದ್ದುವ ಸಮಿತಿ ಕೂತಿತ್ತು. ರಸಾಯನಶಾಸ್ತ್ರದವಳು ಅಂತ ನನಗೂ ಒಂದು ಕುರ್ಚಿ ಕೊಟ್ಟಿದ್ದರು. ಪರೀಕ್ಷೆ ನಡೆಸುವುದರಲ್ಲೇ ತಲೆ ನರೆತಿದ್ದ ಹಿರಿಯ ಸದಸ್ಯರೊಬ್ಬರು ಬಹಳ ಸೌಮ್ಯವಾಗಿ ಒಂದು ಸಲಹೆ ಇಟ್ಟರು. ಹಳ್ಳಿ ಕಡೆಯ ಪ್ರೌಢಶಾಲೆಗಳಲ್ಲಿ ಪ್ರಯೋಗಾಲಯವಿಲ್ಲ, ಇದ್ದ ಕಡೆ ಗ್ಯಾಸಿಲ್ಲ, ಗ್ಯಾಸಿದ್ದ ಕಡೆ ನಲ್ಲಿಯಿಲ್ಲ. ಅದಕ್ಕೆ ಪ್ರಯೋಗ ಮಾಡಿಸುವ ಬದಲು ಪ್ರಯೋಗದ ಬಗ್ಗೆ ಬರೆಸೋಣ. ಚಿತ್ರ ಬರೆಯಲಿ, ವಿಧಾನ ಬರೆಯಲಿ, ಅಂಕ ಕೊಡೋಣ. ಸುತ್ತ ಕೂತವರು ತಲೆಯಾಡಿಸಿದರು. ಊಟದ ಹೊತ್ತು ಬೇರೆ ಆಗಿತ್ತು.

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಹಾಗಾದರೆ ಈಜಿನ ಬಗ್ಗೆ ಪ್ರಬಂಧ ಬರೆಸಿ ಮಕ್ಕಳನ್ನು ಕೆರೆಗೆ ಇಳಿಸುತ್ತೀರಾ ಎಂದು ಕೇಳಿಬಿಟ್ಟೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಗ್ಯಾಸೂ ಬೇಡ, ನಲ್ಲಿಯೂ ಬೇಡ, ಒಂದು ಟಿಫಿನ್ ಡಬ್ಬಿಯಷ್ಟು ಸಾಮಾನಿನಲ್ಲಿ ಮಾಡಿಸಿ ತೋರಿಸುತ್ತೇನೆ ಎಂದೂ ಸೇರಿಸಿದೆ. ಸಮಿತಿಯ ಅಧ್ಯಕ್ಷರು ನಕ್ಕು ಆ ಮಾತನ್ನು ಹಾಗೇ ಹಿಡಿದುಕೊಂಡರು. ಮುಂದಿನ ಸಭೆ ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಹಳ್ಳಿ ಕಡೆಯ ಮಕ್ಕಳೇ ತಮ್ಮ ಕೈಯಾರೆ ಮಾಡಿದ, ನಂಬಬಹುದಾದ ಫಲಿತಾಂಶ ತಂದಿಟ್ಟರೆ ಪ್ರಯೋಗ ಪಠ್ಯದಲ್ಲಿ ಉಳಿಯುತ್ತದೆ, ಇಲ್ಲವಾದರೆ ದೇಶಕ್ಕೆಲ್ಲ ಬರವಣಿಗೆಯೇ ಗತಿ ಎಂದರು. ವಿಮಾನದಲ್ಲಿ ವಾಪಸು ಬರುವಾಗಲೇ ಟಿಕೆಟ್ಟಿನ ಹಿಂದೆ ಸಾಮಾನಿನ ಪಟ್ಟಿ ಬರೆಯತೊಡಗಿದೆ.

ನಾನು ಓದಿದ್ದು ಗೌರಿಬಿದನೂರಿನಲ್ಲಿ. ನಮ್ಮೂರು ವಿದುರಾಶ್ವತ್ಥದ ಪಕ್ಕ. ಹೈಸ್ಕೂಲಿನ ಮೂರು ವರ್ಷವೂ ವಿಜ್ಞಾನದ ಮೇಷ್ಟ್ರು ಪ್ರನಾಳವನ್ನು ಎತ್ತಿ ಹಿಡಿದು ತೋರಿಸುತ್ತಿದ್ದರು, ನಾವು ಮೂರನೇ ಸಾಲಿನಿಂದ ಕತ್ತು ಚಾಚಿ ನೋಡುತ್ತಿದ್ದೆವು. ಕೈಗೆ ಮಾತ್ರ ಒಂದು ದಿನವೂ ಸಿಕ್ಕಲಿಲ್ಲ. ನಾನು ಮೊದಲು ಪ್ರನಾಳ ಮುಟ್ಟಿದ್ದು ಬೆಂಗಳೂರಿನ ಕಾಲೇಜಿನಲ್ಲಿ, ಮುಟ್ಟಿದ ಮೊದಲ ದಿನವೇ ಒಡೆದೆ. ಆದ್ದರಿಂದ ಎಲ್ಲಿ ಮಾಡಿಸಬೇಕು ಅಂತ ಯೋಚಿಸುವ ಪ್ರಮೇಯವೇ ಬರಲಿಲ್ಲ. ಗೌರಿಬಿದನೂರು, ಪೆರೇಸಂದ್ರ, ಚಿಂತಾಮಣಿ, ಶಿಡ್ಲಘಟ್ಟ, ಹೀಗೆ ನಾಲ್ಕು ಕಡೆ ಒಂದೊಂದು ಶಾಲೆ, ಒಂಬತ್ತನೇ ತರಗತಿ. ಆಗಿನ್ನೂ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿರಲಿಲ್ಲ, ಕೋಲಾರದ ಕಚೇರಿಗೆ ಹೋಗಿ ಅನುಮತಿ ತಂದೆ.

ಪ್ರಯೋಗವೂ ನಮ್ಮ ಕಡೆಯದನ್ನೇ ಆರಿಸಿಕೊಂಡೆ: ನೀರಿನ ಗಡಸುತನ. ಬೇಳೆ ಬೇಯದ ನೀರು, ಸೋಪು ನೊರೆಯಾಗದ ನೀರು, ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವ ನೀರು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ವಿಧಾನ ಸರಳ. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಸೀಸೆಯಲ್ಲಿ ಗೆರೆಯ ತನಕ ನೀರು ಹಾಕಬೇಕು. ಸೋಪಿನ ದ್ರಾವಣವನ್ನು ಒಂದು ಹನಿ ಬಿಟ್ಟು, ಮುಚ್ಚಿ, ಕುಲುಕಿ, ಮೇಜಿನ ಮೇಲಿಟ್ಟು ಮೂವತ್ತರ ತನಕ ಎಣಿಸಬೇಕು. ಅಷ್ಟರಲ್ಲಿ ನೊರೆ ಒಡೆದುಹೋದರೆ ಇನ್ನೊಂದು ಹನಿ. ನೊರೆ ನಿಂತಾಗ ಎಷ್ಟು ಹನಿಯಾಯಿತೋ ಅಷ್ಟು ಗಡಸು. ಏನೂ ಬೆರೆಸದ ಶುದ್ಧ ನೀರಿಗೇ ಒಂದು ಹನಿ ಬೇಕಾಗುತ್ತದೆ, ಅದನ್ನು ಕಳೆದು ಲೆಕ್ಕ ಹಾಕುವುದು. ಎಲ್ಲ ಶಾಲೆಗೂ ಒಂದೇ ಅಳತೆ ಇರಲಿ ಎಂದು ಬೆಂಗಳೂರಿನ ನಮ್ಮ ಲ್ಯಾಬಿನಲ್ಲೇ ಕ್ಯಾಲ್ಸಿಯಂ ಲವಣ ಕರಗಿಸಿ ಗಡಸು ನೀರು ತಯಾರಿಸಿ ಬಾಟಲಿ ತುಂಬಿಸಿದೆವು. ನಾವು ಮಾಡಿದಾಗ ಅದಕ್ಕೆ ಹನ್ನೆರಡು ಹನಿ ಬೇಕಾಗುತ್ತಿತ್ತು. ಕೆಲವು ಸಲ ಹನ್ನೊಂದು, ಕೆಲವು ಸಲ ಹದಿಮೂರು.

ಮೊದಲ ಪೆಟ್ಟು ಸೋಪಿನಿಂದಲೇ ಬಿತ್ತು. ಅಂಗಡಿಯ ಸೋಪು ತುರಿದು ಕರಗಿಸಿ ಕಳಿಸಿದ್ದೆವು. ಜನವರಿಯ ಒಂದು ಬೆಳಿಗ್ಗೆ ಶಿಡ್ಲಘಟ್ಟದ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದರು. ಐವತ್ತು ಸಮೀಪಿಸಿದ, ಮೆಲುದನಿಯ ಮನುಷ್ಯ. ಮನೆಮಾತು ತೆಲುಗು, ಪಾಠ ಕನ್ನಡದಲ್ಲಿ, ತರಗತಿಯಲ್ಲಿ ಅರ್ಧ ಮಕ್ಕಳು ಉರ್ದುವಿನವರು. ಮೂರೂ ಭಾಷೆಯಲ್ಲಿ ತಮಾಷೆ ಮಾಡಬಲ್ಲವರು.

"ಮೇಡಂ, ನೀವು ಕಳಿಸಿರೋ ದ್ರಾವಣ ಗಡ್ಡೆ ಕಟ್ಟಿದೆ. ಹನಿ ಹಾಕೋದಾ, ಇಲ್ಲ ಚಮಚದಲ್ಲಿ ತಿನ್ನಿಸೋದಾ?"

ನಂದಿಬೆಟ್ಟದ ಕಡೆಯಿಂದ ಬೀಸುವ ಆ ತಿಂಗಳ ಚಳಿಯನ್ನು ನಾನು, ಅಲ್ಲೇ ಹುಟ್ಟಿದವಳು, ಮರೆತೇಬಿಟ್ಟಿದ್ದೆ. ಚಳಿಗೆ ಹೆಪ್ಪುಗಟ್ಟದ ಸೋಪು ಬೇಕೆಂದರೆ ಸೋಡಾ ಕ್ಷಾರದ ಬದಲು ಪೊಟ್ಯಾಶ್ ಕ್ಷಾರದಲ್ಲಿ ಎಣ್ಣೆ ಕಾಯಿಸಿ ಮೆದು ಸೋಪು ಮಾಡಬೇಕು. ಮೊದಲು ಕೊಬ್ಬರಿ ಎಣ್ಣೆಯಲ್ಲಿ ಮಾಡಿದೆವು. ಅದು ಎಂಥಾ ಗಡಸು ನೀರಿನಲ್ಲೂ ನೊರೆ ಉಕ್ಕಿಸಿತು, ನಮ್ಮ ಕೆಲಸಕ್ಕೆ ದಂಡ. ಕೊನೆಗೆ ಕೈ ಹಿಡಿದದ್ದು ಕಡಲೆಕಾಯಿ ಎಣ್ಣೆ. ಮೂರು ವಾರ ಇದಕ್ಕೇ ಹೋಯಿತು. ಲ್ಯಾಬೆಲ್ಲ ಬೋಂಡದಂಗಡಿಯ ವಾಸನೆ ಹೊಡೆಯುತ್ತಿತ್ತು. ನನ್ನ ಸಹಾಯಕಿ, ಹೊಸದಾಗಿ ಎಂ.ಎಸ್ಸಿ. ಮುಗಿಸಿ ಬಂದಿದ್ದ ಹುಡುಗಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಸೋಪು ತೊಳಸಿ ತೊಳಸಿ ಸುಸ್ತಾಗಿದ್ದಳು.

ಫೆಬ್ರವರಿಯಲ್ಲಿ ಹೊಸ ಸೋಪು, ಗಡಸು ನೀರಿನ ಬಾಟಲಿ, ಮೇಷ್ಟ್ರುಗಳಿಗೆ ನಾನೇ ಬರೆದ ಕೈಪಿಡಿ ನಾಲ್ಕು ಕಡೆಗೂ ಹೋದವು. ಎರಡು ವಾರದಲ್ಲಿ ಮಕ್ಕಳು ಬರೆದ ಹಾಳೆಗಳು ಕಟ್ಟುಕಟ್ಟಾಗಿ ಬಂದವು. ಬಿಚ್ಚಿ ನೋಡಿದರೆ ಎಲ್ಲ ಕಡೆ ಹನ್ನೆರಡು. ಗೌರಿಬಿದನೂರು ಹನ್ನೆರಡು, ಪೆರೇಸಂದ್ರ ಹನ್ನೆರಡು, ಚಿಂತಾಮಣಿ ಹನ್ನೆರಡು, ಶಿಡ್ಲಘಟ್ಟ ಹನ್ನೆರಡು. ನನಗೆ ಆದ ಸಂತೋಷಕ್ಕೆ ಸಹಾಯಕಿಯನ್ನು ಕರೆದು ಮಸಾಲೆ ದೋಸೆ ಕೊಡಿಸಿದೆ. ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದೆ. ಅವರೂ ಖುಷಿಯಾಗಿ, ಇದೇ ಕೋಷ್ಟಕ ಸಾಕು, ವರದಿ ಕಳಿಸಿ, ಗೆದ್ದಿರಿ ಎಂದರು.

ವರದಿಯ ಕೊನೆಯ ಪುಟ ಬರೆಯುತ್ತಿದ್ದಾಗ ಸಹಾಯಕಿ ಬಾಗಿಲಲ್ಲಿ ಬಂದು ನಿಂತಳು. ಮುಖ ಬಿಳುಚಿಕೊಂಡಿತ್ತು.

"ಮೇಡಂ, ಬೈಬೇಡಿ. ಶಿಡ್ಲಘಟ್ಟ ಅಂತ ಚೀಟಿ ಅಂಟಿಸಿದ್ದ ಬಾಟ್ಲಿ ಇಲ್ಲೇ ಕಪಾಟಲ್ಲಿದೆ."

"ಮತ್ತೆ ಅಲ್ಲಿಗೆ ಹೋಗಿದ್ದು ಯಾವುದು?"

"ನಾವು ಪರೀಕ್ಷೆಗೆ ಅಂತ ಅರ್ಧಕ್ಕೆ ತೆಳ್ಳಗೆ ಮಾಡಿಟ್ಕೊಂಡಿದ್ವಲ್ಲ, ಆ ಬಾಟ್ಲಿ ಕಾಣ್ತಿಲ್ಲ."

ಬೈಯಲು ಬಾಯಿ ತೆರೆದವಳು ಲೆಕ್ಕ ಹಾಕತೊಡಗಿದೆ. ಶಿಡ್ಲಘಟ್ಟಕ್ಕೆ ಹೋದದ್ದು ಅರ್ಧ ಗಡಸಿನ ನೀರು. ಹನ್ನೆರಡರಲ್ಲಿ ಶುದ್ಧ ನೀರಿನ ಪಾಲು ಒಂದು ಕಳೆದರೆ ಹನ್ನೊಂದು, ಅದರರ್ಧ ಐದೂವರೆ, ಮತ್ತೆ ಆ ಒಂದನ್ನು ಕೂಡಿಸಿದರೆ ಆರೂವರೆ. ಅಲ್ಲಿಯ ಮಕ್ಕಳಿಗೆ ಆರೋ ಏಳೋ ಹನಿ ಬರಬೇಕಿತ್ತು. ಬಂದಿರುವುದು ಹನ್ನೆರಡು. ಒಬ್ಬಿಬ್ಬರಿಗಲ್ಲ, ನಲವತ್ತು ಮಕ್ಕಳಿಗೂ ಹನ್ನೆರಡು.

ನಾನು ಆ ಕಟ್ಟನ್ನು ಮತ್ತೆ ಬಿಚ್ಚಿ ಒಂದೊಂದೇ ಹಾಳೆ ತಿರುವಿದೆ. ಮೊದಲ ಸಲ ಬರೀ ಮೊತ್ತ ನೋಡಿದ್ದೆ, ಈ ಸಲ ಅಕ್ಷರ ನೋಡಿದೆ. ಇಪ್ಪತ್ತೋ ಇಪ್ಪತ್ತೊಂದನೆಯದೋ ಹಾಳೆಯಲ್ಲಿ, ನೀಲಿ ಶಾಯಿಯಲ್ಲಿ ದುಂಡಗೆ ಏಳು ಅಂತ ಬರೆದಿತ್ತು. ಅದರ ಮೇಲೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ಕೆಂಪಿನಲ್ಲೇ ಹನ್ನೆರಡು. ಹುಡುಗಿಯ ಹೆಸರಿನ ಕೆಳಗೆ ಮೇಷ್ಟ್ರ ಸಹಿ.

ನಲವತ್ತು ಮಕ್ಕಳಲ್ಲಿ ನಿಜ ಬರೆದವಳು ಒಬ್ಬಳು, ಅವಳದನ್ನೇ ತಪ್ಪು ಅಂತ ಹೊಡೆದುಹಾಕಲಾಗಿತ್ತು. ಆಮೇಲೆ ಮಿಕ್ಕ ಮೂರು ಕಟ್ಟನ್ನೂ ನೋಡಿದೆ. ಪಳಗಿದ ಕೈಯ ನಮಗೇ ಹನ್ನೊಂದು, ಹದಿಮೂರು ಬರುತ್ತಿದ್ದಾಗ ಮೊದಲ ಸಲ ಸೀಸೆ ಹಿಡಿದ ಮಕ್ಕಳಿಗೆ ಒಬ್ಬರೂ ತಪ್ಪದೆ ಹನ್ನೆರಡು ಬರುವುದು ಹೇಗೆ? ನನಗೆ ಇದು ಅಷ್ಟು ದಿನವೂ ಹೊಳೆದೇ ಇರಲಿಲ್ಲ. ಯಾಕೆ ಹೊಳೆಯಲಿಲ್ಲ ಅಂದರೆ, ನನಗೆ ಅದೇ ಬೇಕಾಗಿತ್ತು.

ಮಾರನೆಯ ದಿನವೇ ಶಿಡ್ಲಘಟ್ಟಕ್ಕೆ ಹೊರಟೆ. ದಾರಿಯುದ್ದಕ್ಕೂ ಮೇಷ್ಟ್ರಿಗೆ ಏನೇನು ಅನ್ನಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಇದ್ದರು. ಕೂರಿ ಎನ್ನುವ ಮೊದಲೇ ಹಾಳೆಯನ್ನು ಮುಂದಿಟ್ಟು ಅಷ್ಟನ್ನೂ ಅಂದೆ. ಮಕ್ಕಳ ಕೈಯಲ್ಲಿ ಸುಳ್ಳು ಬರೆಸಿದ್ದೀರಿ ಎಂದೆ. ದೇಶದ ಪಠ್ಯ ನಿಂತಿರುವುದು ಇದರ ಮೇಲೆ ಎಂದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಎದ್ದುಹೋಗಿ ಬೀರುವಿನಿಂದ ಒಂದು ಪುಸ್ತಕ ತಂದು ಪುಟ ತೆಗೆದು ನನ್ನ ಕಡೆ ತಿರುಗಿಸಿದರು.

ಅದು ನಾನೇ ಬರೆದ ಕೈಪಿಡಿ. ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ನಿರೀಕ್ಷಿತ ಫಲಿತಾಂಶ, 12 ಹನಿ.

"ನೀವೇ ಬರ್ದಿದ್ದೀರಲ್ಲ ಮೇಡಂ," ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ನಾವು ಪ್ರಯೋಗ ಶುರು ಮಾಡೋಕೆ ಮುಂಚೆ ಬೋರ್ಡ್ ಮೇಲೆ ಉದ್ದೇಶ ಬರೀತೀವಿ, ವಿಧಾನ ಬರೀತೀವಿ, ಫಲಿತಾಂಶ ಬರೀತೀವಿ. ನಮ್ಮ ಮೇಷ್ಟ್ರೂ ಹಂಗೇ ಮಾಡ್ತಿದ್ರು. ಮಕ್ಕಳು ಸೀಸೆ ಕುಲುಕಿದ್ರು, ಹನಿ ಹಾಕಿದ್ರು, ಸುಳ್ಳು ಹೇಳಲ್ಲ. ಬರೆಯೋವಾಗ ಬೋರ್ಡ್ ನೋಡಿ ಬರೆದ್ರು. ಆ ಮಗು ಒಂದೇ ನೋಡ್ಲಿಲ್ಲ."

"ಏಳು ಅಂತ ಬರೆದಾಗ ನಿಮಗೆ ಅನುಮಾನ ಬರಲಿಲ್ಲವೇ? ನೀವೇ ಒಂದು ಸಲ ಮಾಡಿ ನೋಡಬಹುದಿತ್ತಲ್ಲ?"

"ಮಾಡ್ದೆ. ನಂಗೂ ಏಳೇ ಬಂತು." ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಬೆಂಗ್ಳೂರಿಂದ ಬಂದಿರೋ ಪುಸ್ತಕ ಸರಿಯೋ, ಶಿಡ್ಲಘಟ್ಟದ ನನ್ನ ಕೈ ಸರಿಯೋ? ನಾನೇ ಎಲ್ಲೋ ತಪ್ಪು ಮಾಡಿದೀನಿ ಅಂದ್ಕೊಂಡೆ. ಇಪ್ಪತ್ತೆರಡು ವರ್ಷದಿಂದ ಹಂಗೇ ಅಂದ್ಕೊಂಡು ಬಂದಿದೀನಿ."

ನನ್ನ ಕೋಪವೆಲ್ಲ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ನಾಚಿಕೆಯಾಯಿತು, ಚೆನ್ನಾಗಿ ನಾಚಿಕೆಯಾಯಿತು. ಡಿಗ್ರಿಯ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ನನಗೆ ಬಂದ ಅಳತೆ ಯಾಕೋ ಸರಿ ಕಾಣಲಿಲ್ಲ ಅಂತ, ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು. ಇದನ್ನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಆ ಮೇಷ್ಟ್ರಿಗೆ ಅಲ್ಲೇ ಹೇಳಿದೆ. ಅವರು ನಗಲಿಲ್ಲ, ಟೀ ತರಿಸಿದರು.

ಟೀ ಕುಡಿಯುತ್ತಾ ಬಾಟಲಿ ಬದಲಾದ ಕಥೆಯನ್ನೂ ಹೇಳಿದೆ. ತಪ್ಪು ನಿಮ್ಮ ಕೈಯದ್ದಲ್ಲ, ನಮ್ಮ ಲ್ಯಾಬಿನದು ಎಂದೆ. ಅವರು ಕೆಂಪು ಗೀಟಿನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹಂಗಾದ್ರೆ ಆ ಮಗು ಸರಿಯಾಗೇ ಮಾಡಿತ್ತು," ಎಂದರು.

ಆ ಸಂಜೆ ಅಧ್ಯಕ್ಷರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ತಿಳಿಸಿದೆ. ಅವರು ಅನುಭವಸ್ಥರು. ಶಿಡ್ಲಘಟ್ಟದ ಕಟ್ಟನ್ನು ಬಿಟ್ಟುಬಿಡಿ, ಮಿಕ್ಕ ಮೂರರ ಕೋಷ್ಟಕ ಇದೆಯಲ್ಲ, ಬಾಟಲಿ ಬದಲಾಗಿದ್ದು ನಿಮ್ಮ ಲ್ಯಾಬಿನ ಸಣ್ಣ ತಪ್ಪು, ಅದಕ್ಕೋಸ್ಕರ ದೊಡ್ಡ ವಿಷಯ ಕೆಡಿಸಿಕೊಳ್ಳಬೇಡಿ ಎಂದರು. ಸಭೆಗೆ ಆರು ವಾರ ಉಳಿದಿತ್ತು, ಮಧ್ಯೆ ವಾರ್ಷಿಕ ಪರೀಕ್ಷೆ. ಮೂರು ಕಟ್ಟು ಕಳಿಸಿದರೆ ಪ್ರಯೋಗ ಉಳಿಯುವುದು ಖಚಿತ. ಆದರೆ ಉಳಿದ ಪ್ರಯೋಗದಲ್ಲಿ ಮಕ್ಕಳು ಮಾಡುವುದೇನು? ಬೋರ್ಡ್ ನೋಡಿ ಹನ್ನೆರಡು ಬರೆಯುವುದು. ಅದಕ್ಕೂ ಆ ಹಿರಿಯ ಸದಸ್ಯರು ಹೇಳಿದ ಬರವಣಿಗೆಗೂ ಏನು ವ್ಯತ್ಯಾಸ? ಅವರದ್ದೇ ವಾಸಿ, ಸೋಪಿನ ಖರ್ಚಾದರೂ ಇಲ್ಲ.

ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ವರದಿಯನ್ನು ಹರಿದು ಬುಟ್ಟಿಗೆ ಹಾಕಿದೆ. ಕೈಪಿಡಿಯಿಂದ ಫಲಿತಾಂಶದ ಸಾಲನ್ನೇ ತೆಗೆಸಿದೆ. ನಮ್ಮ ಲ್ಯಾಬಿನ ಗಡಸು ನೀರಿನ ಬಾಟಲಿಯೇ ಬೇಡ, ಮಕ್ಕಳು ಅವರವರ ಮನೆಯ ನೀರು ತರಲಿ ಎಂದು ನಿರ್ಧರಿಸಿದೆ. ಯಾರ ಮನೆಯ ನೀರಿಗೆ ಎಷ್ಟು ಹನಿ ಅಂತ ಮೇಷ್ಟ್ರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬೋರ್ಡ್ ಮೇಲೆ ಬರೆಯಲು ಏನೂ ಇರುವುದಿಲ್ಲ.

ಹಾಗಾದರೆ ಉತ್ತರ ಸರಿಯೋ ತಪ್ಪೋ ತಿಳಿಯುವುದು ಹೇಗೆ? ಅದಕ್ಕೊಂದು ಕ್ರಮ ಮಾಡಿದೆವು. ಒಂದೇ ಬಾಟಲಿಯ ನೀರನ್ನು ಇಬ್ಬಿಬ್ಬರ ಎರಡು ಜೋಡಿಗೆ ಕೊಡುವುದು, ಒಂದು ಜೋಡಿ ಕೋಣೆಯ ಒಳಗೆ, ಇನ್ನೊಂದು ಜಗಲಿಯಲ್ಲಿ. ಎರಡೂ ಅಂಕಿ ಒಂದು ಹನಿಯ ಒಳಗೆ ಹೊಂದಿದರೆ ಸರಿ. ಹೊಂದದಿದ್ದರೆ ಯಾರ ತಪ್ಪು ಅಂತ ಜಗಳವಾಡದೆ ಎರಡೂ ಜೋಡಿ ಮತ್ತೆ ಮಾಡುವುದು. ಆಮೇಲೆ ಅದೇ ಬಾಟಲಿಗಳನ್ನು ನಮ್ಮ ಲ್ಯಾಬಿಗೆ ತಂದು ನಾವು ಬೇರೆ ವಿಧಾನದಲ್ಲಿ ಅಳೆಯುವುದು. ಹನಿಯ ಗಾತ್ರ ಒಂದೇ ಇರಲಿ ಎಂದು ಸೋಪಿನ ಸೀಸೆಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕೆಂದು ಮಕ್ಕಳಿಗೆ ಹೇಳಿಕೊಟ್ಟೆವು. ಓರೆ ಹಿಡಿದರೆ ಹನಿ ದಪ್ಪವಾಗಿ ಬೀಳುತ್ತಿತ್ತು.

ಮಾರ್ಚ್ ಮೊದಲ ವಾರ ಶಿಡ್ಲಘಟ್ಟದ ಶಾಲೆಯಲ್ಲಿ ನಾನೇ ಹೋಗಿ ಕೂತೆ. ಮಕ್ಕಳು ತಂಪು ಪಾನೀಯದ ಬಾಟಲಿಗಳಲ್ಲಿ ನೀರು ತಂದಿದ್ದರು. ಬೋರಿನದು, ಬಾವಿಯದು, ಟ್ಯಾಂಕರಿನದು, ಪುರಸಭೆಯ ನಲ್ಲಿಯದು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ನಡುವೆ ಓಡಾಡುತ್ತಿದ್ದರು. ಮೊದಲ ಬೆಂಚಿನ ಹುಡುಗನೊಬ್ಬ ನಾಲ್ಕು ಹನಿ ಹಾಕಿ ತಲೆಯೆತ್ತಿದ.

"ಸಾರ್, ಎಷ್ಟು ಬರ್ಬೇಕು ಸಾರ್?"

"ನಂಗೂ ಗೊತ್ತಿಲ್ಲ ಕಣಪ್ಪ."

ಇಡೀ ತರಗತಿ ಕೈ ನಿಲ್ಲಿಸಿ ಅವರ ಕಡೆ ನೋಡಿತು. ಮೇಷ್ಟ್ರಿಗೆ ಗೊತ್ತಿಲ್ಲ ಅನ್ನುವ ಮಾತನ್ನು ಆ ಮಕ್ಕಳು ಅದೇ ಮೊದಲ ಸಲ ಕೇಳಿದ್ದಿರಬೇಕು. ಮೇಷ್ಟ್ರ ಕಿವಿ ಕೆಂಪಾಯಿತು. "ಗೊತ್ತಿಲ್ಲ ಅಂದ್ನಲ್ಲ, ಇನ್ನೇನು ನೋಡ್ತೀರಾ? ನೀವು ಮಾಡಿ ಹೇಳಿ, ನಾನೂ ತಿಳ್ಕೊತೀನಿ," ಎಂದರು. ಆಮೇಲೆ ಸದ್ದು ಹತ್ತಿಕೊಂಡಿತು. ಎಣಿಸುವ ಸದ್ದು, ಕುಲುಕುವ ಸದ್ದು, ಒಳಗಿನವರು ಜಗಲಿಯವರನ್ನು ಕೂಗಿ ಕೇಳಿ ಬೈಸಿಕೊಳ್ಳುವ ಸದ್ದು. ನನಗೆ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಅಂತ ಸುಮ್ಮನಿದ್ದೆ.

ಕೆಂಪು ಗೀಟಿನ ಹುಡುಗಿ ಎರಡನೇ ಬೆಂಚಿನಲ್ಲಿ ಇದ್ದಳು. ಸಣಕಲು ಮೈ, ತಲೆ ಮೇಲೆ ದುಪಟ್ಟಾ, ಎಣಿಸುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವಳ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಹಿಡಿದು ಚರಕಕ್ಕೆ ಸುತ್ತುವವರು. ಅವಳು ಒಂದಲ್ಲ, ಮೂರು ಬಾಟಲಿ ತಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ತಂದೆಯೇ ಶಾಲೆಗೆ ಬಂದರು. ಮಗಳು ಮನೆಯ ನೀರನ್ನೆಲ್ಲ ಹೊತ್ತುಕೊಂಡು ಹೋದಳಲ್ಲ, ಏನು ಸಮಾಚಾರ ಅಂತ ನೋಡಲು.

ಮೇಷ್ಟ್ರು ಅವರನ್ನು ಒಳಗೆ ಕರೆದು, ಮೇಜಿನ ಮೇಲೆ ಸಾಲಾಗಿಟ್ಟಿದ್ದ ಎಂಟು ಬಾಟಲಿ ತೋರಿಸಿದರು. ಅವುಗಳ ಹನಿ ಎಷ್ಟೆಂದು ಮಕ್ಕಳ ಹಾಳೆಯಲ್ಲಿ ಆಗಲೇ ಇತ್ತು, ಅದನ್ನು ಹೇಳಲಿಲ್ಲ.

"ನೂಲಿಗೆ ಒಳ್ಳೇ ನೀರಿಂದ ಹಿಡಿದು ಕೆಟ್ಟ ನೀರಿನ ತನಕ ಜೋಡಿಸಿ ನೋಡಣ ಸಾಹೇಬ್ರೆ," ಎಂದರು.

ಆತ ಒಂದೊಂದರಲ್ಲೂ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಎರಡನ್ನು ನಾಲಿಗೆಗೂ ಸೋಕಿಸಿಕೊಂಡು ಬಾಟಲಿಗಳನ್ನು ಅತ್ತಿತ್ತ ಸರಿಸಿದರು. ಬಿಸಿನೀರಿನಲ್ಲಿ ಆಡಿ ಆಡಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಕೊನೆಯ ಬಾಟಲಿಯನ್ನು ದೂರ ತಳ್ಳಿ, "ಇದ್ರಲ್ಲಿ ಗೂಡು ಬೇಯಿಸಿದ್ರೆ ಎಳೆ ಒರಟು ಬರುತ್ತೆ ಅಮ್ಮ. ಹೊಳಪೇ ಇರಲ್ಲ," ಎಂದು ನನಗೆ ಹೇಳಿದರು. ಮೇಷ್ಟ್ರು ಮಕ್ಕಳ ಅಂಕಿಗಳನ್ನು ಓದಿದರು. ಮಧ್ಯದ ಎರಡು ಬಾಟಲಿ ಬಿಟ್ಟು ಎಲ್ಲವೂ ಅದೇ ಕ್ರಮದಲ್ಲಿದ್ದವು.

"ಅಬ್ಬಾಜಾನ್, ಇದಕ್ಕೆ ಒಂಬತ್ತು, ಅದಕ್ಕೆ ಹದಿನಾಲ್ಕು. ನೀವು ತಿರುಗಾಮುರುಗಾ ಇಟ್ಟಿದ್ದೀರಿ," ಎಂದಳು ಹುಡುಗಿ.

ತಂದೆ ಒಪ್ಪಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ನೀರಲ್ಲಿ ಕೈ ಇಟ್ಟಿದ್ದೇನೆ, ನನಗೆ ಹೇಳಿಕೊಡ್ತೀಯಾ ಎಂದರು. ಅವಳು ಎರಡು ಸೀಸೆ ತೊಳೆದು, ನೀರು ತುಂಬಿ, ಸೋಪಿನ ಸೀಸೆಯನ್ನು ತಂದೆಯ ಕೈಗೇ ಕೊಟ್ಟಳು. ಆತ ಹನಿ ಹಾಕಿದರು, ಅವಳು ಎಣಿಸಿದಳು. ಒಂಬತ್ತು ಬಂತು. ಇನ್ನೊಂದಕ್ಕೆ ಹದಿಮೂರು. ಆತ ಸೀಸೆಯನ್ನು ಬೆಳಕಿಗೆ ಹಿಡಿದು ನೊರೆಯನ್ನು ನೋಡುತ್ತಾ ನಕ್ಕರು. ಹೋಗುವಾಗ ಆ ಸೋಪು ನೀರು ಒಂದಿಷ್ಟು ಮನೆಗೆ ಕೊಡ್ತೀರಾ ಅಂತ ಕೇಳಿದರು. ಕೊಟ್ಟು ಕಳಿಸಿದೆ.

ಮಿಕ್ಕ ಮೂರು ಶಾಲೆಗಳಲ್ಲೂ ಹೀಗೇ ಮಾಡಿಸಿದೆವು. ಎಲ್ಲ ಕಡೆಯೂ ಸುಸೂತ್ರವಾಗಿ ನಡೆಯಲಿಲ್ಲ. ಚಿಂತಾಮಣಿಯಲ್ಲಿ ಒಂದು ಬಾವಿಯ ನೀರಿಗೆ ಇಪ್ಪತ್ತೈದು ಹನಿ ಹಾಕಿದರೂ ನೊರೆ ನಿಲ್ಲದೆ ಸೋಪು ಖಾಲಿಯಾಯಿತು. ಪೆರೇಸಂದ್ರದಲ್ಲಿ ಎರಡು ಜೋಡಿಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಒಂದೇ ಅಂಕಿ ಬರೆದು, ಆಮೇಲೆ ತಾವೇ ಒಪ್ಪಿಕೊಂಡರು. ಅಂಕಿಗಳು ಚೆಲ್ಲಾಪಿಲ್ಲಿಯಾಗಿದ್ದವು, ನಾಲ್ಕರಿಂದ ಹಿಡಿದು ಇಪ್ಪತ್ತರ ಆಚೆಗೂ. ಲ್ಯಾಬಿಗೆ ತಂದ ಬಾಟಲಿಗಳನ್ನು ಅಳೆದಾಗ ಹೆಚ್ಚಿನವು ಮಕ್ಕಳ ಅಂಕಿಗೆ ಹೊಂದಿದವು. ಸಹಾಯಕಿ ಒಂದೊಂದು ಹೊಂದಿದಾಗಲೂ ಮೇಜು ಕುಟ್ಟುತ್ತಿದ್ದಳು.

ದೆಹಲಿಯ ಸಭೆಯಲ್ಲಿ ನಾನು ಮೊದಲು ಚೆಲ್ಲಾಪಿಲ್ಲಿಯ ಕೋಷ್ಟಕವನ್ನೇ ಇಟ್ಟೆ. ಆ ಹಿರಿಯ ಸದಸ್ಯರು ನೋಡಿ, ಒಂದಕ್ಕೊಂದು ತಾಳೆಯೇ ಇಲ್ಲವಲ್ಲ, ಇದನ್ನು ನಂಬುವುದು ಹೇಗೆ, ಇದಕ್ಕೆ ಅಂಕ ಕೊಡುವುದು ಹೇಗೆ ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಆಗ ಹಳೆಯ ಕೋಷ್ಟಕ ಇಟ್ಟೆ, ಎಲ್ಲ ಹನ್ನೆರಡು. ಎಷ್ಟು ಚೆನ್ನಾಗಿದೆ ಎಂದರು. ಆಮೇಲೆ ಬಾಟಲಿ ಬದಲಾದ ಕಥೆ ಹೇಳಿ, ತಪ್ಪು ನಮ್ಮ ಲ್ಯಾಬಿನದು, ಕೈಪಿಡಿಯ ಸಾಲು ನನ್ನದು ಎಂದು ಸೇರಿಸಿ, ಕೆಂಪು ಗೀಟಿನ ಹಾಳೆಯನ್ನು ಅವರ ಕೈಗೆ ಕೊಟ್ಟೆ.

ಅವರು ಅದರ ಎರಡೂ ಬದಿ ತಿರುವಿ ನೋಡಿದರು. ಎಲ್ಲವನ್ನೂ ನಾನೇ ಕೈಯಾರೆ ಕೆಡಿಸಿದೆನೇನೋ ಅನ್ನಿಸಿತು. ಕೊನೆಗೆ ಅವರು ಹಾಳೆಯನ್ನು ಅಧ್ಯಕ್ಷರ ಕಡೆ ಸರಿಸಿ, ನಾನು ತಿದ್ದಿದ ಪತ್ರಿಕೆಗಳಲ್ಲಿ ಇಂಥ ಏಳು ಎಷ್ಟನ್ನು ಹೊಡೆದುಹಾಕಿದ್ದೇನೋ ಎಂದರು. ಬರವಣಿಗೆಯ ಸಲಹೆಯನ್ನು ವಾಪಸು ತೆಗೆದುಕೊಂಡವರು ಅವರೇ. ಪ್ರಯೋಗ ಪಠ್ಯದಲ್ಲಿ ಉಳಿಯಿತು. ವರ್ಷಕ್ಕೆ ಒಂದಾದರೂ ಪ್ರಯೋಗದ ಉತ್ತರ ವಿದ್ಯಾರ್ಥಿಯ ಪುಸ್ತಕದಲ್ಲೂ ಶಿಕ್ಷಕರ ಕೈಪಿಡಿಯಲ್ಲೂ ಅಚ್ಚಾಗಿರಬಾರದು ಎನ್ನುವ ಒಂದು ಸಾಲೂ ಸೇರಿತು. ಆ ಸಾಲು ಎಷ್ಟು ಶಾಲೆಗಳಲ್ಲಿ ನಡೆಯಿತೋ ನನಗೆ ಗೊತ್ತಿಲ್ಲ. ಕಾಗದದ ಮೇಲೆ ಬರೆಸುವುದು ಸುಲಭ, ಬೋರ್ಡ್ ಮೇಲೆ ಬರೆಯದಂತೆ ಮಾಡುವುದು ಕಷ್ಟ.

ಅಚ್ಚಾದ ದಸ್ತಾವೇಜು ಕೈಗೆ ಬರುವ ಹೊತ್ತಿಗೆ ಮಳೆಗಾಲ ಮುಗಿಯುತ್ತಾ ಬಂದಿತ್ತು. ಅದರ ಒಂದು ಪ್ರತಿ, ಆ ಕೆಂಪು ಗೀಟಿನ ಹಾಳೆ ಎರಡನ್ನೂ ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಹಾಳೆ ಆ ಹುಡುಗಿಯದು, ನನ್ನದಲ್ಲ. ಅವಳು ಈಗ ಹತ್ತನೇ ತರಗತಿ. ಮೇಷ್ಟ್ರು ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು. ನಾನು ಬಾಟಲಿ ಬದಲಾಗಿದ್ದನ್ನು ಹೇಳಿ, ನೀನು ಬರೆದದ್ದೇ ಸರಿಯಮ್ಮ, ತಡವಾಯಿತು, ಕ್ಷಮಿಸು ಎಂದೆ. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಳು.

ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ತಾವು ಬರೆದಿದ್ದ ಹನ್ನೆರಡರ ಮೇಲೆ ಗೀಟು ಎಳೆದರು. ಪಕ್ಕದಲ್ಲಿ ಏಳು ಅಂತ ಬರೆಯಲು ಹೋದರು.

"ಸಾರ್," ಎಂದಳು ಹುಡುಗಿ.

"ಏನಮ್ಮ?"

"ಏಳೂ ಸರಿ ಇಲ್ಲ ಸಾರ್. ಮೂರು ಸಲ ಮಾಡಿದ್ದೆ. ಆರು ಹನಿಗೆ ನೊರೆ ಇಪ್ಪತ್ತರ ತನಕ ನಿಂತಿತ್ತು. ಏಳಕ್ಕೆ ಐವತ್ತು ಎಣಿಸಿದ್ರೂ ಹೋಗ್ಲಿಲ್ಲ. ಮೂವತ್ತರ ತನಕ ನಿಲ್ಲೋದು ಆರು, ಏಳರ ಮಧ್ಯದಲ್ಲಿ ಎಲ್ಲೋ ಇದೆ. ಅರ್ಧ ಹನಿ ಹಾಕೋಕೆ ಬರಲ್ಲ ಅಂತ ಏಳು ಬರ್ದೆ."

ಬೆಂಗಳೂರಿನ ನನ್ನ ಮೇಜಿನ ಮುಂದೆ ಕೂತು, ಕಳೆದು, ಭಾಗಿಸಿ, ಕೂಡಿಸಿ ನಾನು ತೆಗೆದಿದ್ದ ಲೆಕ್ಕ ಆರೂವರೆ. ಅದನ್ನು ಅವಳಿಗೂ ಹೇಳಿರಲಿಲ್ಲ, ಮೇಷ್ಟ್ರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಪೆನ್ನನ್ನು ಹಾಳೆಯ ಮೇಲೆ ಹಾಗೇ ಹಿಡಿದುಕೊಂಡು ಆ ಹುಡುಗಿಯ ಕಡೆ ತಿರುಗಿದರು.

"ಸರಿ, ಏನಂತ ಬರೀಲಿ, ನೀನೇ ಹೇಳಮ್ಮ," ಎಂದರು.